ಅಳೆದ ಮೇಲೆ ಏನು ಮಾಡಿದಿರಿ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮಲ್ಲಿ ಕೇಳುವ ಮೊದಲ ಪ್ರಶ್ನೆ, 'ಜಿಲ್ಲೆಗೆ ಎಷ್ಟನೇ ಸ್ಥಾನ?' ಎರಡನೆಯದು, 'ತಾಲ್ಲೂಕಿಗೆ ಎಷ್ಟನೇ ಸ್ಥಾನ?' ಮೂರನೆಯದು, 'ನಿಮ್ಮ ಸ್ಕೂಲಿಗೆ ಎಷ್ಟು ಪರ್ಸೆಂಟ್?' ಇಷ್ಟು ಕೇಳಿ ಮುಗಿಯುವಷ್ಟರಲ್ಲಿ ಸಂಜೆಯಾಗಿರುತ್ತದೆ. ಹೆಚ್ಚು ಬಂದ ಶಾಲೆಯವರು ಸಿಹಿ ಹಂಚಿ ಫೋಟೊ ತೆಗೆಸಿಕೊಂಡಿರುತ್ತಾರೆ. ಕಡಿಮೆ ಬಂದ ಶಾಲೆಯ ಹೆಡ್‌ಮಾಸ್ಟರು ಮೇಲಿನವರಿಗೆ ಕೊಡಬೇಕಾದ ವಿವರಣೆಯನ್ನು ಮನಸ್ಸಿನಲ್ಲೇ ಬರೆಯಲು ಶುರು ಮಾಡಿರುತ್ತಾರೆ. ನಾಪಾಸಾದ ಹುಡುಗ ಯಾವ ತರಗತಿಯಲ್ಲಿ, ಯಾವ ಪಾಠದಲ್ಲಿ, ಯಾವ ಮೆಟ್ಟಿಲಲ್ಲಿ ಹಿಂದೆ ಉಳಿದ ಎಂದು ಕೇಳುವವರು ಆ ದಿನವೂ ಇರುವುದಿಲ್ಲ, ಮರುದಿನವೂ ಇರುವುದಿಲ್ಲ.

ಮೂಡಿಗೆರೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ನಾನು ಇಲ್ಲಿ ಹೇಳಬೇಕೆಂದಿರುವುದು ಒಂದೇ ಮಾತು. ಪರೀಕ್ಷೆ ಮುಗಿದ ಮೇಲೆ ಮೇಷ್ಟ್ರ ಪಾಠ ಬದಲಾಗದಿದ್ದರೆ ಅದನ್ನು ಮೌಲ್ಯಮಾಪನ ಎನ್ನಬಾರದು. ವಿಂಗಡಣೆ ಎನ್ನಿ, ದಾಖಲೆ ಎನ್ನಿ, ಅಂಕಿಅಂಶ ಎನ್ನಿ, ಅಡ್ಡಿಯಿಲ್ಲ. ಆದರೆ ಮಗು ಏನು ಕಲಿತಿದೆ ಎಂದು ತಿಳಿಯುವ ಕೆಲಸಕ್ಕಿರುವ ಹೆಸರನ್ನು ಅದಕ್ಕೆ ಕೊಡಬೇಡಿ.

ಅಂಕಿಗಳನ್ನೇ ಮೊದಲು ನೋಡೋಣ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಮೊದಲ ಪರೀಕ್ಷೆಯ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ, ಕೃಪಾಂಕಕ್ಕೆ ಅರ್ಹರಾಗಲು ಬೇಕಿದ್ದ ಕನಿಷ್ಠ ಅಂಕವನ್ನು ಶೇ 35ರಿಂದ 25ಕ್ಕೆ ಇಳಿಸಿದ ಮೇಲೆ. ಮರುವರ್ಷ ಆ ಹೆಚ್ಚುವರಿ ಕೃಪಾಂಕ ನಿಂತಿತು, ಫಲಿತಾಂಶ ಇನ್ನೂ ಕೆಳಗೆ ಬಂತು. ಈಗ 2025-26ನೇ ಸಾಲಿನಿಂದ ಪಾಸಾಗಲು ಶೇ 35ರ ಬದಲು 33 ಸಾಕು. 625ಕ್ಕೆ 206 ಬಂದರೆ ಆಯಿತು.

ಈ ವರ್ಷಗಳಲ್ಲಿ ಕರ್ನಾಟಕದ ಮಕ್ಕಳ ಕಲಿಕೆ ಹೀಗೆ ಏರಿಳಿಯಿತೆ? ಇಲ್ಲ. ಏರಿಳಿದದ್ದು ಕಾವಲು, ಕೃಪೆ ಮತ್ತು ಗೆರೆ. ಕ್ಯಾಮೆರಾ ಹಾಕಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ; ನಕಲು ನಿಲ್ಲಲೇಬೇಕಿತ್ತು. ಗೆರೆ ಇಳಿಸಿದ್ದರಿಂದ ಕೆಲವು ಮಕ್ಕಳ ಬದುಕು ಉಳಿದಿದ್ದರೆ ಅದಕ್ಕೂ ನನಗೆ ಸಂತೋಷವೇ. ಕ್ಯಾಮೆರಾ ನಮಗೆ ಒಂದು ಸತ್ಯ ತೋರಿಸಿತು: ಹತ್ತು ವರ್ಷ ನಮ್ಮ ಕಣ್ಣೆದುರೇ ಕುಳಿತಿದ್ದ ಲಕ್ಷಾಂತರ ಮಕ್ಕಳಿಗೆ ಓದಲು, ಬರೆಯಲು, ಲೆಕ್ಕ ಮಾಡಲು ಸರಿಯಾಗಿ ಬರುತ್ತಿಲ್ಲ. ಆ ಸತ್ಯ ಗೊತ್ತಾದ ಮೇಲೆ ನಾವು ಮಾಡಿದ್ದು ಅಂಕ ಸೇರಿಸುವ ಕೆಲಸ. ಒಂಬತ್ತನೇ ತರಗತಿಯ ಪಾಠ ಹೇಗಿರಬೇಕು, ಆರನೇ ತರಗತಿಯಲ್ಲಿ ಭಿನ್ನರಾಶಿ ಅರ್ಥವಾಗದ ಮಗುವಿಗೆ ಏಳರಲ್ಲಿ ಏನು ಮಾಡಬೇಕು ಎಂಬುದರ ಮೇಲೆ ಆ ಗದ್ದಲದ ನೂರನೇ ಒಂದು ಪಾಲಿನ ಚರ್ಚೆಯೂ ನಡೆಯಲಿಲ್ಲ.

ಕಾಫಿ ಸೀಮೆಯವರಿಗೆ ಅಳತೆಯ ಅರ್ಥ ಚೆನ್ನಾಗಿ ಗೊತ್ತು. ಇಲ್ಲಿ ಎಸ್ಟೇಟ್ ಬಂಗಲೆಯ ಅಂಗಳದಲ್ಲಿ ಮಳೆಮಾಪಕ ಇರುತ್ತದೆ. ಮಳೆಯನ್ನು ಇಂಚು, ಸೆಂಟ್ಸ್ ಲೆಕ್ಕದಲ್ಲಿ ಬರೆದಿಡುತ್ತಾರೆ; ನೂರು ಸೆಂಟ್ಸ್ ಅಂದರೆ ಒಂದು ಇಂಚು. ಫೆಬ್ರವರಿ, ಮಾರ್ಚ್ ಬಂತೆಂದರೆ ಮೂಡಿಗೆರೆಯಿಂದ ಕಳಸದವರೆಗೆ ಫೋನಿನಲ್ಲಿ ಒಂದೇ ಮಾತು: 'ನಿಮ್ಮಲ್ಲಿ ಎಷ್ಟಾಯ್ತು ಮಾರಾಯ್ರೆ?' ಹೂಮಳೆ ಮೂವತ್ತು ಸೆಂಟ್ಸ್ ಮಾತ್ರ ಬಿದ್ದರೆ ರೊಬಸ್ಟಾ ಗಿಡದ ಮೊಗ್ಗು ಅರ್ಧಂಬರ್ಧ ಅರಳಿ ಹಾಳಾಗುತ್ತದೆ. ಹಾಗಾಗಿ ಮಾಪಕ ನೋಡಿದವನು ಅಂದೇ ಸ್ಪ್ರಿಂಕ್ಲರ್ ಪೈಪು ಎಳೆಸುತ್ತಾನೆ, ಕೆರೆಯಲ್ಲಿ ನೀರೆಷ್ಟಿದೆ ನೋಡುತ್ತಾನೆ, ಡೀಸೆಲ್ ತರಿಸುತ್ತಾನೆ. ಮಳೆಯನ್ನು ಅಳೆದು, ಪುಸ್ತಕದಲ್ಲಿ ಬರೆದು, 'ಈ ಗಿಡ ಮೂವತ್ತು ಸೆಂಟ್ಸಿನ ಗಿಡ' ಎಂದು ಬೋರ್ಡು ಬರೆಸಿ ಗಿಡಕ್ಕೆ ನೇತುಹಾಕುವ ಪ್ಲಾಂಟರನ್ನು ನಾನು ಇದುವರೆಗೆ ಕಂಡಿಲ್ಲ. ಶಾಲೆಯಲ್ಲಿ ಮಾತ್ರ ನಾವು ಮಾಡುತ್ತಿರುವುದು ಅದನ್ನೇ.

ಕಾನೂನು ಹಾಗೆ ಹೇಳಿರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು ಮಗುವಿನ ತಿಳಿವಳಿಕೆಯನ್ನೂ ಅದನ್ನು ಬಳಸುವ ಸಾಮರ್ಥ್ಯವನ್ನೂ ನಿರಂತರವಾಗಿ, ವ್ಯಾಪಕವಾಗಿ ನೋಡಬೇಕು ಎಂದಿತು. ಅದರಿಂದ ನಮ್ಮ ಶಾಲೆಗಳಿಗೆ ಎಫ್‌ಎ, ಎಸ್‌ಎ ಎಂಬ ಎರಡು ಪದಗಳು ಬಂದವು: ರೂಪಣಾತ್ಮಕ ಮೌಲ್ಯಮಾಪನ, ಸಂಕಲನಾತ್ಮಕ ಮೌಲ್ಯಮಾಪನ. ಈ ವ್ಯತ್ಯಾಸವನ್ನು 1967ರಲ್ಲಿ ಮೊದಲು ಹೆಸರಿಟ್ಟು ಗುರುತಿಸಿದವನು ಮೈಕೆಲ್ ಸ್ಕ್ರಿವೆನ್. ಕೆಲಸ ನಡೆಯುತ್ತಿರುವಾಗಲೇ ತಿದ್ದಲು ಮಾಡುವ ಪರಿಶೀಲನೆ ಒಂದು, ಕೆಲಸ ಮುಗಿದ ಮೇಲೆ ಬೆಲೆ ಕಟ್ಟುವುದು ಇನ್ನೊಂದು. ನಾವು ಈ ಎರಡನ್ನೂ ಬೆರೆಸಿ ವರ್ಷಕ್ಕೆ ನಾಲ್ಕು ಎಫ್‌ಎ, ಎರಡು ಎಸ್‌ಎ ಎಂಬ ಆರು ಪರೀಕ್ಷೆಗಳನ್ನಾಗಿ ಮಾಡಿಕೊಂಡೆವು. ಎಫ್‌ಎ ಒಂದರ ಅಂಕ ಸ್ಯಾಟ್ಸ್ ತಂತ್ರಾಂಶಕ್ಕೆ ಏರಿಸಿ ಮುಗಿಯುವಷ್ಟರಲ್ಲಿ ಎಫ್‌ಎ ಎರಡರ ಸುತ್ತೋಲೆ ಬಂದಿರುತ್ತದೆ. ಮಗು ಎಲ್ಲಿ ಎಡವಿತು ಎಂದು ತಿಳಿದ ಮೇಲೆ ಅಲ್ಲಿಗೆ ಹಿಂದಿರುಗಿ ಹೋಗಲು ವೇಳಾಪಟ್ಟಿಯಲ್ಲಿ ಒಂದು ಪೀರಿಯಡ್ಡೂ ಇಲ್ಲ. ಮಕ್ಕಳು ಪೇಟೆಯ ಸ್ಟೇಷನರಿ ಅಂಗಡಿಯಿಂದ ಚಾರ್ಟು ಕೊಂಡು ತಂದು ಅಂಟಿಸುತ್ತಾರೆ, ನಾವು ಅದಕ್ಕೆ ಚಟುವಟಿಕೆ ಎಂದು ಅಂಕ ಕೊಡುತ್ತೇವೆ. ಚಾರ್ಟು ಕೊಳ್ಳಲು ದುಡ್ಡಿಲ್ಲದವರ ಸೃಜನಶೀಲತೆ ಕಡಿಮೆ ಎಂದು ದಾಖಲಾಗುತ್ತದೆ.

ಇದು ರಾಜ್ಯದ ಎಲ್ಲ ಶಾಲೆಗಳ ಕಥೆ. ನಮ್ಮ ಗುಡ್ಡಗಳಿಗೆ ಸೇರಿದ ಇನ್ನೊಂದು ಸಂಗತಿಯಿದೆ. ಜುಲೈ, ಆಗಸ್ಟಿನಲ್ಲಿ ಮಳೆ ಜೋರಾದರೆ ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ ತಾಲ್ಲೂಕುಗಳ ಶಾಲೆಗಳಿಗೆ ದಿನಗಟ್ಟಲೆ ರಜೆ. ಅದನ್ನು ಶನಿವಾರ, ಭಾನುವಾರಗಳಲ್ಲಿ ಸರಿದೂಗಿಸಿದೆವೆಂದು ಪುಸ್ತಕದಲ್ಲಿ ಬರೆಯುತ್ತೇವೆ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಜನವರಿಯಿಂದ ರೊಬಸ್ಟಾ ಕೊಯ್ಲು. ಲೈನ್ ಮನೆಗಳ ಅಪ್ಪ ಅಮ್ಮ ಇಬ್ಬರೂ ತೋಟಕ್ಕೆ ಹೋದರೆ ಚಿಕ್ಕ ಮಗುವನ್ನು ನೋಡಿಕೊಳ್ಳಲು ದೊಡ್ಡ ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಕೆಲಸ ಇರುವ ಕಡೆಗೆ ಸಂಸಾರ ಹೋಗುತ್ತದೆ. ನಡುವರ್ಷ ಒಂದು ಮಗು ನಮ್ಮ ಶಾಲೆ ಬಿಟ್ಟು ಹೋದರೆ ಇನ್ನೆಲ್ಲಿಂದಲೋ ಇನ್ನೊಂದು ಬಂದು ಸೇರುತ್ತದೆ. ಮನೆಯಲ್ಲಿ ತುಳು, ತಮಿಳು, ಲಂಬಾಣಿ, ಈಗೀಗ ಅಸ್ಸಾಮಿ, ಬಂಗಾಳಿ. ಕನ್ನಡ ಅವರಿಗೆ ಎರಡನೆಯ ಅಥವಾ ಮೂರನೆಯ ಭಾಷೆ. ಕೊಯ್ಲಿನ ಸುಸ್ತು ಆರುವ ಮೊದಲೇ ಮಾರ್ಚ್ ಬರುತ್ತದೆ, ಮಾರ್ಚಿನ ಜತೆ ಪರೀಕ್ಷೆ. ಬೆಂಗಳೂರಿನಲ್ಲಿ ಟ್ಯೂಷನ್ನಿಗೆ ಹೋದ ಮಗುವಿಗೂ ಇವಳಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಮೂರು ಗಂಟೆ. ಇದನ್ನು ನಾವು ಸಮಾನತೆ ಎನ್ನುತ್ತೇವೆ.

ಆ ಮೂರು ಗಂಟೆ ಏನನ್ನು ಕಾಣುವುದಿಲ್ಲ ಎಂಬುದಕ್ಕೆ ದೂರದ ಒಂದು ಸಾಕ್ಷಿಯಿದೆ. ಬ್ರೆಜಿಲ್‌ನ ರೆಸಿಫೆ ನಗರದ ಬೀದಿಗಳಲ್ಲಿ ತೆಂಗಿನಕಾಯಿ ಮುಂತಾದವನ್ನು ಮಾರುತ್ತಿದ್ದ ಐದು ಮಕ್ಕಳ ಲೆಕ್ಕವನ್ನು ಮೂವರು ಸಂಶೋಧಕರು ಪರೀಕ್ಷಿಸಿದರು. ಅಧ್ಯಯನ ಪ್ರಕಟವಾದದ್ದು 1985ರಲ್ಲಿ. ಗಿರಾಕಿಗಳಂತೆ ಹೋಗಿ ಕೇಳಿದಾಗ ಮಕ್ಕಳ ಉತ್ತರಗಳಲ್ಲಿ ಶೇ 98 ಸರಿ. ಅದೇ ಲೆಕ್ಕಗಳನ್ನು ಬರಿಯ ಸಂಖ್ಯೆಗಳಾಗಿ ಬರೆದು ಮುಂದಿಟ್ಟಾಗ ಸರಿಯಾದದ್ದು ಶೇ 37. ಮಕ್ಕಳು ಅವರೇ, ಲೆಕ್ಕವೂ ಅದೇ. ನಮ್ಮ ತೋಟಗಳಲ್ಲಿ ಇದಕ್ಕೆ ಅಧ್ಯಯನವೇ ಬೇಡ. ಕಿಲೋಗೆ ಐದು ರೂಪಾಯಿಯಂತೆ ಅಪ್ಪ ಅಮ್ಮ ಕೊಯ್ದ 87 ಕಿಲೋ ಹಣ್ಣಿಗೆ ಎಷ್ಟು, ಅದರಲ್ಲಿ ಮುಂಗಡ ಕಳೆದರೆ ಎಷ್ಟು ಉಳಿಯಬೇಕು ಎಂದು ಸಂಜೆ ತೂಕದ ಜಾಗದಲ್ಲಿ ನಿಂತು ರೈಟರಿಗೇ ಹೇಳುವ ಹುಡುಗ ಗಣಿತದಲ್ಲಿ ಹಿಂದುಳಿದವರ ಪಟ್ಟಿಯಲ್ಲಿರುತ್ತಾನೆ.

ಸಾಹಿತ್ಯ ಓದುವ ನಿಮಗೆ ಇದು ಹೊಸದೆನಿಸಬಾರದು. ಮೂಡಿಗೆರೆಯಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿ ಬರೆದ 'ಕರ್ವಾಲೊ' 1980ರಲ್ಲಿ ಬಂತು. ಊರಿಗೆಲ್ಲ ಉಂಡಾಡಿಯಂತೆ ಕಾಣುವ ಮಂದಣ್ಣನಲ್ಲಿ ಒಬ್ಬ ವಿಜ್ಞಾನಿ ಅಪರೂಪದ ನಿಸರ್ಗತಜ್ಞನನ್ನು ಕಾಣುತ್ತಾನೆ. ನಾವು ಆ ಕಾದಂಬರಿಯನ್ನು ಮೆಚ್ಚುತ್ತೇವೆ, ಅದರ ಬಗ್ಗೆ ಸೆಮಿನಾರ್ ಮಾಡುತ್ತೇವೆ, ಪರೀಕ್ಷೆಯಲ್ಲಿ 'ಮಂದಣ್ಣನ ಪಾತ್ರವನ್ನು ವಿವರಿಸಿ' ಎಂದು ಕೇಳುತ್ತೇವೆ. ಕೊನೆ ಬೆಂಚಿನಲ್ಲಿ ಕುಳಿತ ಮಂದಣ್ಣನಿಗೆ ಆ ಪ್ರಶ್ನೆಗೆ ಸೊನ್ನೆ ಕೊಡುತ್ತೇವೆ.

ನನ್ನ ವಿಷಯಕ್ಕೇ ಬರುತ್ತೇನೆ. ಕನ್ನಡ ಪತ್ರಿಕೆಯಲ್ಲಿ ಗಾದೆ ವಿಸ್ತರಣೆ ಎಂಬ ಪ್ರಶ್ನೆ ಇರುತ್ತದೆ. ಇದಕ್ಕೆ ಮಕ್ಕಳು ಗೈಡಿನಿಂದ ಕಲಿತ ಒಂದು ಪೀಠಿಕೆ ಇದೆ. ಗಾದೆಗಳು ಹಿರಿಯರ ಅನುಭವದ ನುಡಿಮುತ್ತುಗಳು, ವೇದ ಸುಳ್ಳಾದರೂ ಗಾದೆ ಸುಳ್ಳಾಗದು. ಯಾವ ಗಾದೆ ಕೊಟ್ಟರೂ ಇದೇ ಪೀಠಿಕೆ, ಪೀಠಿಕೆಗೆ ಅಂಕ ಖಚಿತ. ಕೆಲವು ವರ್ಷಗಳ ಹಿಂದೆ ಒಂಬತ್ತನೇ ತರಗತಿಯ ಘಟಕ ಪರೀಕ್ಷೆಯಲ್ಲಿ 'ಕೈ ಕೆಸರಾದರೆ ಬಾಯಿ ಮೊಸರು' ಕೊಟ್ಟಿದ್ದೆ, ಮೂರು ಅಂಕಕ್ಕೆ. ಲೈನ್ ಮನೆಯ ಹುಡುಗಿಯೊಬ್ಬಳು ಪೀಠಿಕೆ ಬಿಟ್ಟು ನೇರ ಶುರು ಮಾಡಿದ್ದಳು. ನಮ್ಮ ಅಮ್ಮನ ಕೈ ಕಾಫಿ ಕುಯ್ದು ಕಪ್ಪಾಗಿರುತ್ತದೆ, ಸೋಪು ಹಾಕಿದರೂ ಹೋಗುವುದಿಲ್ಲ, ನಮ್ಮ ಮನೆಯಲ್ಲಿ ಮೊಸರು ಇಲ್ಲ, ಮೊಸರು ತಿನ್ನುವವರ ಕೈ ಕೆಸರಾಗಿಲ್ಲ, ಆದ್ದರಿಂದ ಈ ಗಾದೆ ಸುಳ್ಳು. ಅಷ್ಟೇ ಉತ್ತರ. ಮಹಾಪ್ರಾಣಗಳು ಬಿಟ್ಟುಹೋಗಿದ್ದವು, ಒತ್ತಕ್ಷರ ತಪ್ಪಿತ್ತು, ಪೂರ್ಣವಿರಾಮ ಒಂದೂ ಇರಲಿಲ್ಲ. ಪಕ್ಕದ ಹುಡುಗ ಗೈಡಿನ ಉತ್ತರವನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದ.

ಉತ್ತರಸೂಚಿಯಂತೆ ನಡೆದರೆ ಅವನಿಗೆ ಮೂರು, ಇವಳಿಗೆ ಒಂದು. ತರಗತಿಯಲ್ಲಿ ಅವತ್ತು ಆ ಗಾದೆಯ ಬಗ್ಗೆ ನಿಜವಾಗಿ ಯೋಚಿಸಿದ್ದವಳು ಇವಳೊಬ್ಬಳೇ. ನಾನು ಅಂಕ ಹಾಕದೆ ಕೆಳಗೆ ಬರೆದೆ: 'ಹಾಗಾದರೆ ಈ ಗಾದೆಯನ್ನು ಯಾರು ಕಟ್ಟಿರಬೇಕು? ಇನ್ನೊಂದು ಪ್ಯಾರಾ ಬರೆ.' ಎರಡು ದಿನ ಬಿಟ್ಟು ತಂದಳು. ಸ್ವಂತ ಗದ್ದೆ ಇದ್ದವರು ಕಟ್ಟಿರಬಹುದು ಸಾರ್, ಸ್ವಂತ ಗದ್ದೆ ಇದ್ದರೆ ಗಾದೆ ನಿಜ, ಇನ್ನೊಬ್ಬರ ತೋಟವಾದರೆ ಸುಳ್ಳು ಎಂದು ಬರೆದಿದ್ದಳು. ಗಾದೆಯನ್ನು ವಿಸ್ತರಿಸುವುದು ಎಂದರೆ ಇದಲ್ಲದೆ ಇನ್ನೇನು? ಮಹಾಪ್ರಾಣದ ಪಾಠವನ್ನು ಅವಳದೇ ವಾಕ್ಯಗಳನ್ನು ಇಟ್ಟುಕೊಂಡು ಆ ವಾರ ಹೇಳಿಕೊಟ್ಟೆ. ತನ್ನ ಮಾತು ತಪ್ಪಿಲ್ಲದೆ ಅಚ್ಚಾಗಬೇಕು ಎಂಬ ಆಸೆ ಹುಟ್ಟಿದವರಿಗೆ ಕಾಗುಣಿತ ಬೇಗ ಬರುತ್ತದೆ.

ಟಿಪ್ಪಣಿ ಮತ್ತು ಅಂಕ ಎರಡನ್ನೂ ಕೊಡಬಹುದಲ್ಲ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ. ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಟಿಪ್ಪಣಿ ಮಾತ್ರ, ಕೆಲವರಿಗೆ ಎರಡೂ ಕೊಟ್ಟು ನೋಡಿದರು. ಟಿಪ್ಪಣಿ ಮಾತ್ರ ಸಿಕ್ಕವರ ಆಸಕ್ತಿಯೂ ಕೆಲಸವೂ ಸುಧಾರಿಸಿತು. ಎರಡೂ ಸಿಕ್ಕವರಿಗೆ ಆ ಲಾಭ ಆಗಲಿಲ್ಲ. ಯಾಕೆಂದು ಯಾವ ಮೇಷ್ಟ್ರಿಗೂ ಗೊತ್ತು: ಉತ್ತರಪತ್ರಿಕೆ ಕೈಗೆ ಬಂದ ತಕ್ಷಣ ಮಗು ತನ್ನ ಅಂಕ ನೋಡುತ್ತದೆ, ಪಕ್ಕದವನ ಅಂಕ ನೋಡುತ್ತದೆ, ಮಡಿಸಿ ಬ್ಯಾಗಿಗೆ ಹಾಕುತ್ತದೆ. ನಾವು ಕೆಂಪು ಪೆನ್ನಿನಲ್ಲಿ ಬರೆದದ್ದನ್ನು ಓದುವ ಹಂಗು ಅದಕ್ಕಿಲ್ಲ. ಆದ್ದರಿಂದ ನನ್ನ ತರಗತಿಯಲ್ಲಿ ಪತ್ರಿಕೆ ಮೊದಲು ಟಿಪ್ಪಣಿಯೊಂದಿಗೆ ಹೋಗುತ್ತದೆ. ಮಗು ಉತ್ತರ ತಿದ್ದಿ ತಂದ ಮೇಲೆ ಅಂಕ. ರಿಜಿಸ್ಟರಿಗೆ ಹೋಗುವುದು ಆ ಎರಡನೆಯ ಅಂಕ.

ಇನ್ನು ಆಕ್ಷೇಪಗಳು. ಮೊದಲನೆಯದು, 'ಪರೀಕ್ಷೆಯ ಭಯ ಇಲ್ಲದಿದ್ದರೆ ಮಕ್ಕಳು ಓದುವುದಿಲ್ಲ.' ಈ ನಂಬಿಕೆಯಿಂದಲೇ ಐದು, ಎಂಟು, ಒಂಬತ್ತು, ಹನ್ನೊಂದನೇ ತರಗತಿಗಳಿಗೂ ಬೋರ್ಡ್ ಪರೀಕ್ಷೆ ಬಂತು. 2024ರ ಮಾರ್ಚ್ 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿತು, 22ರಂದು ವಿಭಾಗೀಯ ಪೀಠ ಒಪ್ಪಿತು, ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಫಲಿತಾಂಶಕ್ಕೆ ತಡೆ ಕೊಟ್ಟಿತು. ಹತ್ತು ವರ್ಷದ ಮಗು ಅರ್ಧ ಪರೀಕ್ಷೆ ಬರೆದು, ನಿಲ್ಲಿಸಿ, ಮತ್ತೆ ಬರೆದು, ಕೊನೆಗೆ ಏನಾಯಿತೆಂದು ತಿಳಿಯದೆ ಬೇಸಿಗೆ ರಜೆಗೆ ಹೋಯಿತು. ಆ ಉತ್ತರಪತ್ರಿಕೆಗಳಿಂದ ಯಾವ ಪಾಠ ಬದಲಾಯಿತು? ಭಯ ಮಗುವನ್ನು ಗೈಡಿನ ಪೀಠಿಕೆಯವರೆಗೆ ಮಾತ್ರ ತಲುಪಿಸುತ್ತದೆ.

ಎರಡನೆಯದು ಎದುರು ದಿಕ್ಕಿನದು: 'ಹಾಗಾದರೆ ಪರೀಕ್ಷೆಯೇ ಬೇಡ, ಎಲ್ಲರನ್ನೂ ಮುಂದೆ ಕಳಿಸಿ.' ಇದೂ ನನಗೆ ಒಪ್ಪಿಗೆಯಿಲ್ಲ. ಓದಲು ಬಾರದ ಮಗುವನ್ನು ನಗುತ್ತಾ ಒಂಬತ್ತನೇ ತರಗತಿಗೆ ಕಳಿಸುವುದು ಕರುಣೆಯ ವೇಷ ಹಾಕಿದ ಉದಾಸೀನ. ಫೇಲು ಮಾಡಿ ಮನೆಗೆ ಕಳಿಸುವವನೂ ಪಾಸು ಮಾಡಿ ಮುಂದೆ ತಳ್ಳುವವನೂ ಮಗುವನ್ನು ನೋಡಿಲ್ಲ ಎಂಬಲ್ಲಿ ಇಬ್ಬರೂ ಒಂದೇ. 'ಎಂತ ಸಾರ್, ಪಾಸಾಗ್ತಾಳಾ?' ಎಂದು ಕೇಳುವ ಲೈನ್ ಮನೆಯ ತಾಯಿಗೆ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟ್ ಎಂದರೆ ಮಗಳು ತೋಟದ ಗೇಟು ದಾಟುವ ದಾರಿ. ಅದನ್ನು ಹಗುರ ಮಾಡಲು ನನಗೆ ಹಕ್ಕಿಲ್ಲ. ಹಾಗಾಗಿ ಗಾದೆಯ ಹುಡುಗಿಗೆ ನಾನು ಇದನ್ನೂ ಹೇಳಿಕೊಟ್ಟೆ: ಮಾರ್ಚಿನಲ್ಲಿ ಮೊದಲ ಎರಡು ವಾಕ್ಯ ಅವರಿಗೆ ಬೇಕಾದ್ದು ಬರೆ, ಮೂರನೆಯದರಿಂದ ನಿನ್ನದು ಬರೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. 'ಮೇಷ್ಟ್ರ ಅಭಿಪ್ರಾಯಕ್ಕೆ ಅಧಿಕಾರ ಕೊಟ್ಟರೆ ಜಾತಿ ನೋಡುವ ಮೇಷ್ಟ್ರು ಏನು ಮಾಡುತ್ತಾನೆ?' ಹೆಸರಿಲ್ಲದ, ಬರಿಯ ಸಂಖ್ಯೆಯಿರುವ ಉತ್ತರಪತ್ರಿಕೆ ದಲಿತ ಮಗುವಿಗೆ ಎಷ್ಟೋ ಸಲ ರಕ್ಷಣೆಯಾಗಿದೆ, ಇದನ್ನು ಅಲ್ಲಗಳೆಯಲಾಗದು. ಆದ್ದರಿಂದ ಹತ್ತನೇ ತರಗತಿಯ ಸಾರ್ವಜನಿಕ ಪರೀಕ್ಷೆ ಇರಲಿ. ನಾನು ಕೇಳುತ್ತಿರುವುದು ಅದಕ್ಕೆ ಮೊದಲಿನ ಒಂಬತ್ತು ವರ್ಷಗಳನ್ನು. ಅಲ್ಲಿ ಮೇಷ್ಟ್ರು ಬರೆದದ್ದನ್ನು ಮಗು ಓದುವಂತಿರಬೇಕು, ತಾಯಿಗೆ ಓದಿ ಹೇಳುವಂತಿರಬೇಕು, 'ಇದು ಸರಿಯಲ್ಲ ಸಾರ್' ಎಂದು ಎದುರು ಹೇಳುವಂತಿರಬೇಕು. ಕಾರಣ ಬರೆದಿರುವ ಟಿಪ್ಪಣಿಯೊಂದಿಗೆ ಜಗಳವಾಡಬಹುದು, 'ಹತ್ತಕ್ಕೆ ನಾಲ್ಕು' ಎಂಬುದರೊಂದಿಗೆ ಹೇಗೆ ಜಗಳವಾಡುವುದು? ಪಕ್ಷಪಾತಕ್ಕೆ ಹೆಚ್ಚು ಅನುಕೂಲವಾದದ್ದು ಕಾರಣ ಹೇಳದ ಅಂಕವೇ.

ಇದು ಸರ್ಕಾರಿ ಶಾಲೆಯಲ್ಲಿ ಆಗದ ಮಾತು ಎನ್ನುವವರಿಗೆ ಒಂದು ನೆನಪು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಯ ಶಿಕ್ಷಕರೇ ಋಷಿವ್ಯಾಲಿಯ ಮಾದರಿಯನ್ನು ನೋಡಿ ಬಂದು 'ನಲಿ-ಕಲಿ' ಕಟ್ಟಿದರು. ಕಲಿಕೆಯನ್ನು ಮೆಟ್ಟಿಲುಗಳ ಏಣಿಯಾಗಿ ಮಾಡಿದರು. ಮೌಲ್ಯಮಾಪನ ಆ ಏಣಿಯಲ್ಲೇ ಒಂದು ಮೆಟ್ಟಿಲು. ದಾಟದಿದ್ದರೆ ಅದೇ ಮೆಟ್ಟಿಲಿಗೆ ಇನ್ನಷ್ಟು ಅಭ್ಯಾಸ. ಹದಿನೈದು ದಿನ ಶಾಲೆಗೆ ಬಾರದ ಮಗು ಬಂದ ದಿನ ತಾನು ನಿಂತಿದ್ದ ಮೆಟ್ಟಿಲಿನಿಂದಲೇ ಹತ್ತುತ್ತದೆ. ತರಗತಿ ಮುಂದೆ ಹೋಯಿತೆಂದು ಅದು ಹಿಂದೆ ಬೀಳುವುದಿಲ್ಲ. ಮಳೆ ರಜೆಯ, ಕೊಯ್ಲಿನ ನಮ್ಮ ಗುಡ್ಡಗಳಿಗೆ ಇದಕ್ಕಿಂತ ಹೊಂದುವ ಯೋಚನೆ ಇನ್ನೊಂದಿಲ್ಲ. ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಗಳಿಗೆ ಬಂತು. ಅನುಷ್ಠಾನದಲ್ಲಿ ಕುಂದುಗಳಿದ್ದವು, ಕಾರ್ಡುಗಳು ಹರಿದವು, ಮಕ್ಕಳ ಸಂಖ್ಯೆಗೆ ಶಿಕ್ಷಕರು ಸಾಲಲಿಲ್ಲ. ಆದರೂ ಅಳೆಯುವುದು ಮತ್ತು ಕಲಿಸುವುದು ಒಂದೇ ಕೆಲಸದ ಎರಡು ಕೈ ಎಂದು ನಮ್ಮದೇ ಮೇಷ್ಟ್ರುಗಳು ತೋರಿಸಿದ್ದರು. ನಾಲ್ಕನೇ ತರಗತಿಯ ಬಾಗಿಲಲ್ಲಿ ಆ ಏಣಿಯನ್ನು ಯಾಕೆ ತೆಗೆದಿಟ್ಟೆವು ಎಂಬುದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ, ಹೊಸ ತಂತ್ರಾಂಶವೂ ಬೇಕಿಲ್ಲ. ಪ್ರತಿ ಎಫ್‌ಎ ಮುಗಿದ ಮೇಲೆ ಒಂದು ವಾರ ಹೊಸ ಪಾಠ ಮಾಡಬೇಡಿ ಎಂದು ಇಲಾಖೆ ಒಂದು ಸುತ್ತೋಲೆ ಕಳಿಸಲಿ. ಆ ವಾರ ಮಕ್ಕಳು ಎಡವಿದ ಜಾಗಕ್ಕೆ ನಾವು ಹಿಂದಿರುಗುತ್ತೇವೆ. ಪರಿಶೀಲನೆಗೆ ಬಂದ ಅಧಿಕಾರಿಗಳು 'ಎಂಟ್ರಿ ಆಯಿತಾ?' ಎಂಬುದರ ಜತೆಗೆ 'ಇದನ್ನು ನೋಡಿ ನೀವು ಏನು ಬದಲಿಸಿದಿರಿ?' ಎಂದೂ ಕೇಳಲಿ. ಮಳೆಗೆ ಹೋದ ದಿನಗಳ, ಕೊಯ್ಲಿಗೆ ಹೋದ ದಿನಗಳ ಲೆಕ್ಕ ಅಂಕಪಟ್ಟಿಯ ಪಕ್ಕದಲ್ಲೇ ಇರಲಿ, ಓದುವವರಿಗೆ ಎರಡೂ ಕಾಣಲಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಜಿಲ್ಲೆಗಳ ಪಟ್ಟಿ ಓದುವ ಬದಲು ನಾಪಾಸಾದ ಮಕ್ಕಳ ಪಟ್ಟಿ ಹಿಡಿದು ಹೈಸ್ಕೂಲಿನವರು ಪ್ರಾಥಮಿಕ ಶಾಲೆಯವರೊಂದಿಗೆ ಒಂದು ಮಧ್ಯಾಹ್ನ ಕೂರಲಿ.

ಇದನ್ನು ಓದುತ್ತಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ಮುಂದಿನ ಸಲ ಉತ್ತರಪತ್ರಿಕೆ ಕೈಗೆ ಬಂದಾಗ 'ನನಗೆ ಅರ್ಧ ಅಂಕ ಜಾಸ್ತಿ ಬರಬೇಕಿತ್ತು' ಎಂದು ಸ್ಟಾಫ್ ರೂಮಿನ ಬಾಗಿಲಿಗೆ ಹೋಗಬೇಡಿ. 'ಇದನ್ನು ಓದಿದ ಮೇಲೆ ನನಗೆ ಏನು ಕಲಿಸಬೇಕು ಅನ್ನಿಸಿತು ಸಾರ್?' ಎಂದು ಕೇಳಿ. ಉತ್ತರ ಸಿಗುವವರೆಗೆ ಬಾಗಿಲು ಬಿಟ್ಟು ಕದಲಬೇಡಿ.